ಮಂಗಮ್ಮನ ಬ್ಯಾಡ್ಜು

ತಮಿಳುನಾಡಿನ ಗಡಿಯೂರು ರಾಯಕೋಟೆಯಲ್ಲಿ ಬಸ್ ನಿಲ್ದಾಣದ ಹಿಂದುಗಡೆ ಡಾಕ್ಟರ್ ಕುಮಾರೇಶ್ ಅವರ ನರ್ಸಿಂಗ್ ಹೋಮ್ ಇದೆ. ಅದರ ಎಕ್ಸ್‌ರೇ ರೂಮಿನಲ್ಲಿ ಹತ್ತೊಂಬತ್ತು ವರ್ಷ ನೆಲ ಒರೆಸಿದವಳು, ರೋಗಿಗಳನ್ನು ಎತ್ತಿ ಮಲಗಿಸಿದವಳು, ಉಸಿರು ಹಿಡಿದುಕೊಳ್ಳಿ ಎಂದು ಮೂರು ಭಾಷೆಯಲ್ಲಿ ಗದರಿದವಳು ಮಂಗಮ್ಮ. ಟೆಕ್ನೀಷಿಯನ್ ಚಲಪತಿ ಬಟನ್ ಒತ್ತುವುದೊಂದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ಅವಳದೇ ಎಂದು ಊರಿನವರು ಹೇಳುತ್ತಿದ್ದರು. ಚಲಪತಿ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಅವನು ಸತ್ಯವಂತ, ಜೊತೆಗೆ ಸ್ವಲ್ಪ ಸೋಮಾರಿ.

ಒಂದು ದಿನ ಡಾಕ್ಟರು ಟೀ ಕುಡಿಯುತ್ತಾ, ಇನ್ನೆರಡು ವರ್ಷಕ್ಕೆ ಚಲಪತಿ ರಿಟೈರ್ ಆಗುತ್ತಾನೆ, ಡಿಪ್ಲೊಮಾ ಆದವರು ಇಲ್ಲೇ ಯಾರಾದರೂ ಇದ್ದಿದ್ದರೆ ಕೃಷ್ಣಗಿರಿಯಿಂದ ಹುಡುಕಿ ತರುವುದು ತಪ್ಪುತ್ತಿತ್ತು ಎಂದರು. ಟೀ ಲೋಟ ಕೆಳಗಿಡುವಷ್ಟರಲ್ಲಿ ಅವರು ಅದನ್ನು ಮರೆತರು. ಲೋಟ ತೊಳೆಯಲು ಒಯ್ದ ಮಂಗಮ್ಮ ಮರೆಯಲಿಲ್ಲ. ಆಗ ಅವಳಿಗೆ ನಲವತ್ತಮೂರು. ಮಗಳನ್ನು ಅಂಚೆಟ್ಟಿಗೆ ಮದುವೆ ಮಾಡಿಕೊಟ್ಟು, ಮೊಮ್ಮಗುವಿನ ಕಿವಿಯನ್ನೂ ಚುಚ್ಚಿಸಿ ಆಗಿತ್ತು. ಅದಕ್ಕೂ ಮೊದಲೇ ಹಟಕ್ಕೆ ಬಿದ್ದು ಪ್ಲಸ್ ಟೂ ಖಾಸಗಿಯಾಗಿ ಕಟ್ಟಿ ಪಾಸು ಮಾಡಿಕೊಂಡಿದ್ದಳು. ಹೊಸೂರಿನ ಒಂದು ಕಾಲೇಜಿನಲ್ಲಿ ಎಕ್ಸ್‌ರೇ ಡಿಪ್ಲೊಮಾಗೆ ವಯಸ್ಸಿನ ಕಟ್ಟುಪಾಡು ಇಲ್ಲವೆಂದು ತಿಳಿದ ಮೇಲೆ, ಟೊಮೆಟೊ ಕ್ರೇಟು ತುಂಬುತ್ತಿದ್ದ ಗಂಡ ಸೊಣ್ಣಪ್ಪನ ಮುಂದೆ ಹೋಗಿ ನಿಂತು ವಿಷಯ ಹೇಳಿದಳು.

ಸೊಣ್ಣಪ್ಪ ಕೈಯಲ್ಲಿದ್ದ ಹಣ್ಣನ್ನು ತಿರುಗಿಸಿ ನೋಡಿ, "ಓದಮ್ಮಿ, ಯಾರ್ ಬ್ಯಾಡಾಂದ್ರು? ಆದ್ರೆ ನನ್ ಮುಂದೆ ಪಾಠ ಒಪ್ಸಬ್ಯಾಡ" ಎಂದ. ಪಾಪ, ಆ ಷರತ್ತು ಒಂದು ವಾರವೂ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಅವನು ಪರಮಾಣುವಿನ ನ್ಯೂಕ್ಲಿಯಸ್ಸಿನ ವಿಚಾರದಲ್ಲಿ ರಾಯಕೋಟೆ ಮಂಡಿಯ ಅತ್ಯಂತ ತಿಳಿದ ರೈತನಾಗಿಬಿಟ್ಟ.

ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ತಮಿಳಿನಲ್ಲಿ, ಮಂಗಮ್ಮನ ತಲೆ ಕನ್ನಡದಲ್ಲಿ. ಜೊತೆಯವರೆಲ್ಲ ಮಗಳ ವಯಸ್ಸಿನ ಹುಡುಗಿಯರು. ಮೊದಲ ದಿನ ಅವಳನ್ನು ಯಾರದೋ ತಾಯಿ ಎಂದುಕೊಂಡು ಕುರ್ಚಿ ಬಿಟ್ಟುಕೊಟ್ಟರು, ಅವಳೂ ಕುಳಿತುಕೊಂಡಳು, ಆಮೇಲೆ ಹಾಜರಿ ಕೂಗಿದಾಗ ಎದ್ದು ನಿಂತಳು. ಅವರಲ್ಲಿ ಸಿಂಧು ಎಂಬವಳು ಅವಳಿಗೆ ಅಂಟಿಕೊಂಡಳು. ಸಿಂಧುವಿನ ಅಪ್ಪ ಚಿಕ್ಕಬಳ್ಳಾಪುರದ ಕಡೆಯಿಂದ ಬಂದು ಹೊಸೂರಿನ ಲಾರಿ ಕಾರ್ಖಾನೆಯಲ್ಲಿ ದುಡಿಯುವವರು. ಆ ಹುಡುಗಿ ಎಲ್ಲವನ್ನೂ ಬಾಯಿಪಾಠ ಮಾಡುತ್ತಿದ್ದಳು, ಒಂದಕ್ಷರ ಅರ್ಥ ಮಾಡಿಕೊಳ್ಳುತ್ತಿರಲಿಲ್ಲ. ಮಂಗಮ್ಮನಿಗೆ ಬಾಯಿಪಾಠ ಒಲಿಯದು, ಅರ್ಥವಾಗದ ಹೊರತು ಪುಟ ತಿರುಗಿಸಲು ಮನಸ್ಸು ಬಾರದು. ಕುಂಟ ಕುರುಡ ಸೇರಿ ದಾರಿ ನಡೆದ ಹಾಗೆ ಇಬ್ಬರೂ ಸೇರಿ ಓದಿದರು.

ಅರ್ಧಾಯುಷ್ಯದ ಪಾಠದಲ್ಲಿ ತರಗತಿಯೇ ಮುಗ್ಗರಿಸಿತು. ವಿಕಿರಣ ಸೂಸುವ ವಸ್ತುವಿನಲ್ಲಿ ಯಾವ ನ್ಯೂಕ್ಲಿಯಸ್ ಯಾವಾಗ ಒಡೆಯುತ್ತದೋ ಹೇಳಲಾಗದು, ಆದರೆ ಇಷ್ಟು ಹೊತ್ತಿಗೆ ಅರ್ಧ ಒಡೆದಿರುತ್ತದೆ ಎಂದು ಕರಾರುವಾಕ್ಕಾಗಿ ಹೇಳಬಹುದು. ಇದೆಂಥ ಮಾತು ಎಂದು ಹುಡುಗಿಯರು ತಲೆ ಕೆರೆದುಕೊಂಡರು. ಮಂಗಮ್ಮ ಊಟದ ಬುತ್ತಿ ಮುಚ್ಚಿಟ್ಟು ಟೊಮೆಟೊ ಮಂಡಿಯ ಕಥೆ ಹೇಳಿದಳು. ಬೆಳಿಗ್ಗೆ ಮಂಡಿಯಲ್ಲಿ ನೂರು ಜನ. ಒಂದು ಗಂಟೆ ಕಳೆದರೆ ಐವತ್ತು, ಇನ್ನೊಂದು ಗಂಟೆಗೆ ಇಪ್ಪತ್ತೈದು. ಮುನೀಶ ಹೋಗುತ್ತಾನೋ ವೆಂಕಟಸ್ವಾಮಿ ಹೋಗುತ್ತಾನೋ ದೇವರಿಗೂ ಗೊತ್ತಿಲ್ಲ, ಅರ್ಧ ಜನ ಹೋಗಿರುತ್ತಾರೆ ಎಂಬುದು ಮಾತ್ರ ಅಲ್ಲಿನ ಟೀ ಅಂಗಡಿಯವನಿಗೂ ಗೊತ್ತು, ಅವನು ಹಾಲು ಕಾಯಿಸುವುದೇ ಆ ಲೆಕ್ಕದಲ್ಲಿ. ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಮ್ ಎಂಬ ವಸ್ತುವಿಗೆ ಆ ಅವಧಿ ಆರು ಗಂಟೆ. ಬೆಳಿಗ್ಗೆ ಆರಕ್ಕೆ ತುಂಬಿಟ್ಟದ್ದು ಸಂಜೆ ಆರಕ್ಕೆ ಕಾಲುಭಾಗ. ಸಿಂಧು ಅಂದು ಮೊದಲ ಸಲ ಪುಸ್ತಕ ನೋಡದೆ ಒಂದು ಲೆಕ್ಕ ಮಾಡಿ, ಖುಷಿಗೆ ಮಂಗಮ್ಮನ ಬುತ್ತಿಯ ಚಿತ್ರಾನ್ನವನ್ನೂ ಮುಗಿಸಿದಳು.

ಎರಡನೇ ವರ್ಷದ ತರಬೇತಿ ಡಾಕ್ಟರ ನರ್ಸಿಂಗ್ ಹೋಮಿನಲ್ಲೇ ನಡೆದದ್ದರಿಂದ ಅಲ್ಲಿ ಮಂಗಮ್ಮನಿಗೆ ಅವಳದೇ ಹೆಸರಿನ ಬ್ಯಾಡ್ಜು ಬಂತು. ಎಕ್ಸ್‌ರೇ ರೂಮಿನಲ್ಲಿ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಳ್ಳುವ, ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡ ವಸ್ತು ಅದು. ಒಳಗೆ ಮೂರು ಪುಟ್ಟ ಬಿಲ್ಲೆಗಳು. ತಾಗಿದ ವಿಕಿರಣವನ್ನೆಲ್ಲ ಅವು ತಮ್ಮೊಳಗೆ ಇಟ್ಟುಕೊಂಡಿರುತ್ತವೆ, ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಅದನ್ನು ಬೆಳಕಾಗಿ ಹೊರಗೆ ಬಿಡುತ್ತವೆ. ಬೆಳಕು ಅಳೆದರೆ ಮನುಷ್ಯನಿಗೆ ಎಷ್ಟು ತಾಗಿತೆಂದು ತಿಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಕಳಿಸಬೇಕು. ಇವುಗಳ ಜೊತೆಗೆ ಇನ್ನೊಂದು ಬ್ಯಾಡ್ಜು ಇರುತ್ತದೆ, ಕಂಟ್ರೋಲ್ ಬ್ಯಾಡ್ಜು. ಅದನ್ನು ಯಾರೂ ತೊಡುವುದಿಲ್ಲ, ಎಕ್ಸ್‌ರೇ ಸುಳಿಯದ ಕಡೆ ಸುಮ್ಮನೆ ಇಡುತ್ತಾರೆ, ಉಳಿದವನ್ನು ಅದರೊಂದಿಗೆ ಹೋಲಿಸಿ ನೋಡಲು. ಇಲ್ಲಿ ಅದು ಇದ್ದದ್ದು ಆಫೀಸಿನ ರಮಾದೇವಿಯ ಮೇಜಿನ ಡ್ರಾಯರಿನಲ್ಲಿ, ರಸೀತಿ ಪುಸ್ತಕದ ಕೆಳಗೆ. ಇಷ್ಟು ವರ್ಷವೂ ಚಲಪತಿಯ ಬ್ಯಾಡ್ಜು ಹೆಚ್ಚುಕಡಿಮೆ ಸೊನ್ನೆಯನ್ನೇ ತಂದಿತ್ತು.

ಮಾರ್ಚಿನಲ್ಲಿ ಪ್ರಯೋಗಾಲಯದಿಂದ ಪತ್ರ ಬಂತು. ಅಕ್ಟೋಬರಿನಿಂದ ಡಿಸೆಂಬರಿನ ತನಕದ ಲೆಕ್ಕದಲ್ಲಿ ಚಲಪತಿಯ ಬ್ಯಾಡ್ಜು ಹನ್ನೆರಡು ಮಿಲಿಸೀವರ್ಟ್, ಮಂಗಮ್ಮನದೂ ಹನ್ನೆರಡು, ಡ್ರಾಯರಿನಲ್ಲಿ ಮಲಗಿದ್ದ ಕಂಟ್ರೋಲ್ ಬ್ಯಾಡ್ಜೂ ಹನ್ನೆರಡರ ಆಸುಪಾಸು. ಹತ್ತು ದಾಟಿದರೆ ಕಾರಣ ಕೇಳುತ್ತಾರೆ. ಕಾರಣ ತಿಳಿಸಿ, ಅಲ್ಲಿಯತನಕ ಇಬ್ಬರೂ ವಿಕಿರಣದ ಕೆಲಸ ಮಾಡಕೂಡದು ಎಂದು ಬರೆದಿತ್ತು.

ಮಂಗಮ್ಮನ ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ವಾರ ಉಳಿದಿತ್ತು, ಅದು ನಡೆಯುವುದು ಎಕ್ಸ್‌ರೇ ರೂಮಿನಲ್ಲೇ. ಪ್ರಯೋಗಾಲಯ ಒಪ್ಪಿದ ಕಾಗದ ತೋರಿಸದೆ ಒಳಗೆ ಬಿಡುವುದಿಲ್ಲ ಎಂದು ಕಾಲೇಜಿನವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಈ ಸಲ ತಪ್ಪಿದರೆ ಮುಂದಿನ ಪರೀಕ್ಷೆ ಒಂದು ವರ್ಷಕ್ಕೆ. ಚಲಪತಿ ಜೂನಿನಲ್ಲಿ ರಿಟೈರ್. ಅಷ್ಟರಲ್ಲಿ ಕೃಷ್ಣಗಿರಿಯವರು ಯಾರೋ ಬಂದು ಆ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಅವರಿಗೆ ಮಂಗಮ್ಮ ನೆಲ ಒರೆಸಿಕೊಡಬೇಕು.

ಇತ್ತ ನರ್ಸಿಂಗ್ ಹೋಮಿನಲ್ಲಿ ಬೇರೆಯೇ ನಾಟಕ. ಡ್ರಾಯರಿನಲ್ಲಿ ವಿಕಿರಣ ಇದೆಯಂತೆ ಎಂದು ಕೇಳಿದ ಕೂಡಲೇ ರಮಾದೇವಿ ಕುರ್ಚಿ ಎತ್ತಿಕೊಂಡು ಹೊರಗಿನ ಹೊಂಗೆ ಮರದ ಕೆಳಗೆ ಹೋಗಿ ಕುಳಿತಳು. ಮೂರು ತಿಂಗಳಿಂದ ತನಗೆ ತಲೆನೋವು ಇದ್ದದ್ದು ಅವಳಿಗೆ ಆಗಲೇ ನೆನಪಾದದ್ದು. ಊರ ಬಾಯಿಗೆ ಬೀಗ ಹಾಕುವವರು ಯಾರು? ಎದುರಿನ ಬೇಕರಿಯವನು ಬನ್ನಿನ ಮೇಲೆ ಟವೆಲ್ ಮುಚ್ಚಿದ. ಕೃಷ್ಣಗಿರಿಯಿಂದ ಇಂಜಿನಿಯರ್ ಬಂದು ಮೀಟರ್ ಹಿಡಿದು ಯಂತ್ರ, ಗೋಡೆ, ಡ್ರಾಯರು ಎಲ್ಲವನ್ನೂ ತಪಾಸಣೆ ಮಾಡಿ, ಎಲ್ಲೂ ಸೋರಿಕೆ ಇಲ್ಲ, ಯಾವ ವಸ್ತುವೂ ಇಲ್ಲ ಎಂದು ಹೇಳಿ ಹೋದ. ಇದರಿಂದ ಡಾಕ್ಟರ ಭಯ ಇಮ್ಮಡಿಯಾಯಿತು. ಕಂಡ ದೆವ್ವಕ್ಕಿಂತ ಕಾಣದ ದೆವ್ವ ದೊಡ್ಡದು.

ಸಿಂಧು ಹೊಸೂರಿನಿಂದ ಬಸ್ಸು ಹತ್ತಿ ಬಂದಳು. ಬೀಗ ಹಾಕಿದ ಎಕ್ಸ್‌ರೇ ರೂಮಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತು ಪರೀಕ್ಷೆಗೆ ಓದುವ ಹಾಗೆಯೇ ಒಂದೊಂದನ್ನಾಗಿ ಹಿಡಿದು ಜಾಲಾಡಿದರು. ಗಾಮಾ ಕಿರಣ ನ್ಯೂಕ್ಲಿಯಸ್ಸಿನಿಂದ ಬರುವಂಥದು, ಅದನ್ನು ನಿಲ್ಲಿಸಲು ಬಟನ್ ಇಲ್ಲ. ಅಂಥ ವಸ್ತು ಡ್ರಾಯರಿನಲ್ಲಿದ್ದರೆ ಇಂಜಿನಿಯರನ ಮೀಟರಿಗೆ ಸಿಗಬೇಕಿತ್ತು. ಎಕ್ಸ್‌ರೇ ಹಾಗಲ್ಲ, ಅದು ಟ್ಯೂಬಿನಲ್ಲಿ ಎಲೆಕ್ಟ್ರಾನು ಹೋಗಿ ಲೋಹಕ್ಕೆ ಬಡಿದಾಗ ಹುಟ್ಟುವಂಥದು. ಬಟನ್ ಬಿಟ್ಟ ಕ್ಷಣ ಮುಗಿಯಿತು, ರೂಮಿನಲ್ಲಿ ಹೊಗೆಯಂತೆ ಉಳಿದುಕೊಳ್ಳುವುದಿಲ್ಲ. ಇನ್ನು ದೂರದ ಲೆಕ್ಕ. ದೂರ ಎರಡು ಪಟ್ಟಾದರೆ ಕಿರಣ ಕಾಲುಭಾಗ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಚಲಪತಿ ಗೋಡೆಯ ಹಿಂದೆ ನಿಲ್ಲುವವನು, ಮಂಗಮ್ಮ ಅಲ್ಲಿ ಇಲ್ಲಿ ಓಡಾಡುವವಳು, ಡ್ರಾಯರು ಎರಡು ಗೋಡೆಯಾಚೆ. ಮೂರೂ ಬ್ಯಾಡ್ಜಿಗೆ ಒಂದೇ ಸಮನೆ ತಾಗಿದೆಯೆಂದರೆ ಮೂರೂ ಒಂದೇ ಕಡೆ, ಟ್ಯೂಬಿನಿಂದ ಒಂದೇ ದೂರದಲ್ಲಿ, ಒಂದೇ ಹೊತ್ತಿನಲ್ಲಿ ಇದ್ದಿರಬೇಕು.

"ಮೂರೂ ಒಟ್ಟಿಗೆ ಯಾವಾಗಕ್ಕಾ ಇದ್ದಿದ್ದು?" ಎಂದು ಸಿಂಧು ಕೇಳಿದಳು.

ಮಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಸಿಂಧು ಬೆನ್ನು ಸವರಲು ಹೋದರೆ, ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು.

ಅಕ್ಟೋಬರಿನ ಆಯುಧಪೂಜೆ. ಪೂಜೆ ಮಾಡಿಸಿಕೊಂಡ ಯಂತ್ರ ಅಂದು ಒಂದು ಸಲವಾದರೂ ಓಡಬೇಕು ಎಂಬುದು ಈ ಕಡೆಯ ಕಟ್ಟು. ಬಸ್ಸಿನವರು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುತ್ತಾರೆ, ಹೊಸೂರಿನ ಕಾರ್ಖಾನೆಗಳಲ್ಲಿ ಲೇತನ್ನು ಒಂದು ಸುತ್ತು ತಿರುಗಿಸುತ್ತಾರೆ. ಎಕ್ಸ್‌ರೇ ಯಂತ್ರಕ್ಕೆ ಚಕ್ರವಿಲ್ಲ, ಹಾಗಾಗಿ ಮೇಜಿನ ಮೇಲೆ ದೃಷ್ಟಿ ಕುಂಬಳಕಾಯಿ ಇಟ್ಟು ಮೂರು ಎಕ್ಸ್‌ಪೋಜರ್, ಅಂದರೆ ಮೂರು ಸಲ ಕಿರಣ, ಕೊಡುವುದು ಇವರ ಪದ್ಧತಿ. ಆ ಸಲ ಪೂಜೆಗೆ ಅಣಿ ಮಾಡಿದವಳು ಮಂಗಮ್ಮ. ತನ್ನ ಹೆಸರಿನ ಬ್ಯಾಡ್ಜು ಬಂದ ಮೇಲಿನ ಮೊದಲ ಆಯುಧಪೂಜೆ. ಅವಳ ಅತ್ತೆ ಮನೆಯಲ್ಲಿ ಕುಡುಗೋಲಿನಿಂದ ಪೊರಕೆಯ ತನಕ ಒಂದನ್ನೂ ಬಿಡದೆ ಕುಂಕುಮ ಇಡುತ್ತಿದ್ದರು, ಬಿಟ್ಟ ಆಯುಧ ಮುನಿಸಿಕೊಳ್ಳುತ್ತದೆಂದು. ಅದೇ ಪ್ರಕಾರ ತನ್ನ ಬ್ಯಾಡ್ಜು, ಚಲಪತಿಯ ಬ್ಯಾಡ್ಜು ಎರಡನ್ನೂ ಕುಂಬಳಕಾಯಿಯ ಪಕ್ಕ ಸಾಲಾಗಿ ಇಟ್ಟಳು. ಇಟ್ಟ ಮೇಲೆ, ಅಯ್ಯೋ ಪಾಪ, ಕತ್ತಲಲ್ಲಿ ಬಿದ್ದಿರುವ ಆ ಕಂಟ್ರೋಲ್ ಬ್ಯಾಡ್ಜು ಏನು ಪಾಪ ಮಾಡಿತು ಎನಿಸಿ, ಡ್ರಾಯರಿಗೆ ಹೋಗಿ ಅದನ್ನೂ ತಂದು ಕುಂಕುಮ ಇಟ್ಟಳು. ಆಮೇಲೆ ನಿಯಮ ಬಲ್ಲವರ ಹಾಗೆ ಎಲ್ಲರೂ ಸೀಸದ ಗೋಡೆಯ ಹಿಂದೆ ಹೋಗಿ ಅಡಗಿದರು. ಅವರನ್ನು ಕಾಯಬೇಕಾದ ಬ್ಯಾಡ್ಜುಗಳು ಮಾತ್ರ ನೇರ ಕಿರಣದಡಿ ಕುಂಬಳಕಾಯಿಯ ಜೊತೆ ಮಲಗಿದ್ದವು.

ಡಾಕ್ಟರ ಕೋಣೆಯಲ್ಲಿ ಮಂಗಮ್ಮ ಇದನ್ನೆಲ್ಲ ಬಿಡಿಸಿ ಹೇಳಿದಳು. ಅಂದು ಬಟನ್ ಒತ್ತಿದವರು ಯಾರು ಎಂಬ ಮಾತು ಬರುವಷ್ಟರಲ್ಲಿ ಡಾಕ್ಟರು ಕುರ್ಚಿಯಲ್ಲಿ ಸರಿದು ಕುಳಿತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಕ್ಷರಶಃ ಹಾಗೆ. ಶಾಸ್ತ್ರಕ್ಕೆ ಯಜಮಾನರೇ ಒತ್ತಬೇಕೆಂದು ಎಲ್ಲರೂ ಸೇರಿ ಅವರ ಕೈಯಿಂದಲೇ ಒತ್ತಿಸಿದ್ದರು. ಅವರೂ ಪಂಚೆ ಉಟ್ಟು, ದಪ್ಪ ಹೊಟ್ಟೆಯವರಿಗೆ ಕೊಡುವ ಪ್ರಮಾಣವನ್ನೇ ಇಟ್ಟು, ಮೂರು ಸಲ ಗಟ್ಟಿಯಾಗಿ ಒತ್ತಿದ್ದರು.

ಓದಿದ ಡಾಕ್ಟರು ಕುಂಬಳಕಾಯಿಗೆ ಎಕ್ಸ್‌ರೇ ತೆಗೆದೆ ಎಂದು ಸರ್ಕಾರದ ಮಟ್ಟಕ್ಕೆ ಬರೆದುಕೊಡುವುದೆಂದರೆ ಸಣ್ಣ ಮಾತೇ? ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಮಂಗಮ್ಮ ಪರೀಕ್ಷೆಗೆ ಹೋಗಬೇಕು, ತಮ್ಮ ಮಾನವೂ ಉಳಿಯಬೇಕು. ಬ್ಯಾಡ್ಜುಗಳನ್ನು ಕಣ್ತಪ್ಪಿನಿಂದ ರೂಮಿನಲ್ಲಿ ಬಿಟ್ಟಿದ್ದೆವು ಎಂದಷ್ಟೇ ಬರೆದರೆ ಸಾಲದೇ ಎಂದು ಕೇಳಿದರು. ಚಲಪತಿಯೂ ತಲೆಯಾಡಿಸಿದ.

ಮಂಗಮ್ಮ ಕೈಕಟ್ಟಿ ನಿಂತೇ ಹೇಳಿದಳು. "ಸಾರ್, ರೂಮಲ್ಲಿ ಎಲ್ಲೋ ಮರ್ತುಬುಟ್ವಿ ಅಂದ್ರೆ ಮೂರೂ ಒಂದೇ ಸಮ ಹೆಂಗ್ ಬಂತು ಅಂತ ಅವ್ರು ಕೇಳ್ತಾರೆ. ಆ ಬ್ಯಾಡ್ಜು ಸುಳ್ಳೇಳಿಲ್ಲ. ನಾವ್ಯಾಕೇಳಾಣ?"

ಆಗ ಚಲಪತಿ ಗಂಟಲು ಸರಿಮಾಡಿಕೊಂಡು, ಬರೆಯುವುದೇ ಆದರೆ ಪುರಾವೆಯೂ ಇದೆ ಎಂದ. ಅವರದು ಡಿಜಿಟಲ್ ಯಂತ್ರ. ರೋಗಿಯ ಹೆಸರು ಕೊಡದೆ ಎಕ್ಸ್‌ಪೋಜರ್ ಕೊಡಲು ಅದು ಬಿಡುವುದಿಲ್ಲ. ಪೂಜೆಯ ದಿನ ಅವನು ಏನೋ ಒಂದು ಹೆಸರು ಕೊಟ್ಟಿದ್ದ. ಎಲ್ಲರೂ ಕಂಪ್ಯೂಟರಿನ ಮುಂದೆ ನೆರೆದರು. ಅಕ್ಟೋಬರಿನ ಪಟ್ಟಿಯಲ್ಲಿ ಇತ್ತು: ಕುಂಬಳಪ್ಪ, ವಯಸ್ಸು ಒಂದು, ತೊಂದರೆ ದೃಷ್ಟಿ.

ಚಿತ್ರ ತೆರೆದರೆ ನೋಡಲು ಚೆಂದವಿತ್ತು. ನೀರು ತುಂಬಿದ ಕುಂಬಳಕಾಯಿ ಬೂದು ಬಣ್ಣಕ್ಕೆ ಗುಂಡಗೆ ಕುಳಿತಿತ್ತು, ನಡುವೆ ಬೀಜಗಳ ಸಾಲು, ಒಳಗೆ ಹಾಕಿದ್ದ ನಾಣ್ಯಗಳು ಬೆಳ್ಳಗೆ. ಪಕ್ಕದಲ್ಲಿ ಮೂರು ಬ್ಯಾಡ್ಜು, ಒಂದೊಂದರ ಲೋಹದ ತುಣುಕೂ ಎಣಿಸುವಷ್ಟು ಸ್ಪಷ್ಟ. ಡಾಕ್ಟರು ಅಭ್ಯಾಸಬಲದಿಂದ ಕನ್ನಡಕ ಏರಿಸಿ ಬಗ್ಗಿ ನೋಡಿ, ಬೀಜದಲ್ಲೇನೂ ದೋಷವಿಲ್ಲ ಎಂದರು. ಅಷ್ಟು ದಿನ ಬಿಗಿಹಿಡಿದಿದ್ದ ನಗು ಅಲ್ಲಿ ಒಡೆಯಿತು. ಹೊಂಗೆ ಮರದ ಕೆಳಗಿದ್ದ ರಮಾದೇವಿ ಓಡಿಬಂದು ನೋಡಿ, ತಾನೂ ನಕ್ಕು, ಕುರ್ಚಿಯನ್ನು ಒಳಗೆ ತಂದಿಟ್ಟುಕೊಂಡಳು. ಅವಳ ತಲೆನೋವು ಅಂದೇ ಬಿಟ್ಟಿತಂತೆ.

ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಬರೆದರು. ಬಟನ್ ಒತ್ತಿದವನು ನಾನೇ ಎಂಬ ಸಾಲನ್ನೂ ಸೇರಿಸಿ, ಮೂರು ಚಿತ್ರ ಲಗತ್ತಿಸಿ ಕಳಿಸಿದರು. ಆಮೇಲಿನ ಹದಿನಾಲ್ಕು ದಿನ ಮಂಗಮ್ಮ ಊಟ ಸರಿಯಾಗಿ ಮಾಡಲಿಲ್ಲ. ಕಾಯುವ ಕಷ್ಟ ಅವಳಿಗೆ ಮೈಗೂಡಿದ್ದಲ್ಲ. ಸೊಣ್ಣಪ್ಪ ದಿನಾ ಸಂಜೆ ತಾನಾಗಿಯೇ ಪಾಠ ಕೇಳಿ, ಗೊತ್ತಿದ್ದೂ ತಪ್ಪು ಹೇಳಿ ಅವಳಿಂದ ಬೈಸಿಕೊಳ್ಳುತ್ತಿದ್ದ. ಬೈಯುವಾಗಲಾದರೂ ಅವಳು ಚಿಂತೆ ಮರೆಯುತ್ತಾಳೆಂದು ಅವನಿಗೆ ಗೊತ್ತಿತ್ತು. ಪರೀಕ್ಷೆಗೆ ಎರಡು ದಿನ ಇರುವಾಗ ಉತ್ತರ ಬಂತು. ವಿಕಿರಣ ಬ್ಯಾಡ್ಜಿಗೆ ತಾಗಿದ್ದು, ವ್ಯಕ್ತಿಗಲ್ಲ ಎಂದು ಒಪ್ಪಿದೆ, ಕೆಲಸ ಮುಂದುವರಿಸಬಹುದು. ಕೆಳಗೊಂದು ಸಾಲು: ಇನ್ನು ಮುಂದೆ ಬ್ಯಾಡ್ಜುಗಳನ್ನು, ಮುಖ್ಯವಾಗಿ ಕಂಟ್ರೋಲ್ ಬ್ಯಾಡ್ಜನ್ನು, ಪೂಜೆಯಿಂದ ದೂರವಿಡತಕ್ಕದ್ದು.

ಪ್ರಾಕ್ಟಿಕಲ್ ಪರೀಕ್ಷೆಗೆ ಸೇಲಂ ಕಡೆಯಿಂದ ವೆಂಕಟಲಕ್ಷ್ಮಿ ಎಂಬ ಪರೀಕ್ಷಕರು ಬಂದಿದ್ದರು. ನಗದ ಮುಖ, ತೆಳ್ಳನೆ ಕನ್ನಡಕ. ಹುಡುಗಿಯರು ಒಳಗೆ ಹೋಗಿ ಬಂದವರೆಲ್ಲ ನೀರು ಕುಡಿಯುತ್ತಿದ್ದರು. ಮಂಗಮ್ಮನ ಸರದಿ ಬಂದಾಗ ಹಾಲ್ ಟಿಕೆಟ್ಟಿಗೆ ಚುಚ್ಚಿದ್ದ ಆ ಕಾಗದವನ್ನು ಅವರು ಎರಡು ಸಲ ಓದಿದರು. ತಯಾರು ಮಾಡಿಕೊಂಡಿದ್ದ ಪ್ರಶ್ನೆಗಳನ್ನು ಬದಿಗಿಟ್ಟು, ಇದನ್ನು ಹೇಗೆ ಕಂಡುಹಿಡಿದಿರಿ, ಹೇಳಿ ಎಂದರು. ಮಂಗಮ್ಮ ತಮಿಳಿನಲ್ಲಿ ಶುರು ಮಾಡಿದಳು. ಗಾಮಾ, ಎಕ್ಸ್‌ರೇ, ದೂರದ ಲೆಕ್ಕ, ಮೂರು ಬಿಲ್ಲೆ, ಎಲ್ಲವೂ ಸಲೀಸಾಗಿ ಬಂದವು. ಕುಂಬಳಪ್ಪನ ಹೆಸರು ಬಂದಾಗ ಪರೀಕ್ಷಕರ ತುಟಿ ಕೊಂಚ ಅಲುಗಿತು.

ಆದರೆ ಕೊನೆಯ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ನೀವೆಲ್ಲ ಗೋಡೆಯ ಹಿಂದೆ ಇದ್ದಿರಿ, ಯಾರಿಗೂ ಏನೂ ತಾಗಲಿಲ್ಲ. ಹಾಗಾದರೆ ತಪ್ಪೇನಾಯಿತು ಎಂದು ಕೇಳಿದರು.

ಮಂಗಮ್ಮ ಯೋಚಿಸಿದಳು. ಪುಸ್ತಕದಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. ಮನಸ್ಸಿನಲ್ಲಿದ್ದದ್ದು ಕನ್ನಡದಲ್ಲೇ ಹೊರಬಂತು. ವೆಂಕಟಲಕ್ಷ್ಮಿ ಬೆಳೆದದ್ದು ಧರ್ಮಪುರಿಯಲ್ಲಿ, ಕನ್ನಡ ತಿಳಿಯುತ್ತಿತ್ತು.

"ಆ ಮೂರ್ ತಿಂಗ್ಳು ನಿಜವಾಗ್ಲೂ ನಮ್ಗೆ ಎಷ್ಟ್ ತಾಗಿತ್ತೋ, ಅದು ಇನ್ ಯಾವತ್ತೂ ಯಾರ್ಗೂ ಗೊತ್ತಾಗಲ್ಲ ಮೇಡಂ. ಕುಂಬಳಕಾಯಿ ಲೆಕ್ಕದಲ್ಲಿ ನಮ್ ಲೆಕ್ಕ ಮುಳುಗೋಯ್ತು. ನನ್ದು ಹೋಗ್ಲಿ, ಚಲಪತಣ್ಣಂದೂ ನಾನೇ ಕಳ್ದುಬುಟ್ಟೆ. ಅದೇ ತಪ್ಪು."

ಪರೀಕ್ಷಕರು ಅಂಕದ ಹಾಳೆಯಲ್ಲಿ ಬರೆದುಕೊಂಡರು. ಮೇ ಕೊನೆಯಲ್ಲಿ ಫಲಿತಾಂಶ ಬಂದಾಗ ಸಿಂಧು ಮಂಡಿಗೇ ಫೋನ್ ಮಾಡಿದಳು. ಇಬ್ಬರೂ ಪಾಸು. ವೈವಾದಲ್ಲಿ, ಆ ಮೌಖಿಕ ಪರೀಕ್ಷೆಯಲ್ಲಿ, ಮಂಗಮ್ಮನಿಗೆ ಐವತ್ತಕ್ಕೆ ನಲವತ್ತೊಂಬತ್ತು, ಇಡೀ ಕಾಲೇಜಿನಲ್ಲಿ ಯಾರಿಗೂ ಬಾರದ್ದು. ಮಂಗಮ್ಮ ಟೊಮೆಟೊ ಕ್ರೇಟಿನ ಮೇಲೆ ಕುಳಿತು, ಮಂಡಿಯವರೆಲ್ಲ ನೋಡುತ್ತಿದ್ದಂತೆ ಮನಸಾರೆ ಅತ್ತಳು. ಸೊಣ್ಣಪ್ಪ ಎಲ್ಲರಿಗೂ ಟೀ ಹೇಳಿ, ತನ್ನ ಹೆಂಡತಿಗೆ ನ್ಯೂಕ್ಲಿಯಸ್ ಒಲಿದ ಕಥೆಯನ್ನು ಅರ್ಧರ್ಧ ತಪ್ಪಾಗಿ ಹೇಳಿದ. ಅವಳು ತಿದ್ದಲಿಲ್ಲ.

ಜೂನಿನಲ್ಲಿ ಚಲಪತಿ ತನ್ನ ಕೆಲಸವನ್ನು ಮಂಗಮ್ಮನಿಗೆ ಒಪ್ಪಿಸಿ, ಹಾರ ಹಾಕಿಸಿಕೊಂಡು ರಿಟೈರ್ ಆದ. ಮರುದಿನವೇ ಬಿಳಿ ಅಂಗಿ ತೊಟ್ಟು ಎಕ್ಸ್‌ರೇ ರೂಮಿಗೆ ಬಂದು, ಸಲುಗೆಯಿಂದ ಮೇಜಿನ ಮೇಲೆ ಕಾಲು ಚಾಚಿ ಕುಳಿತ. ಎಡ ಮೊಣಕಾಲು ಎರಡು ವರ್ಷದಿಂದ ನೋಯುತ್ತಿದೆ, ನಿನ್ನ ಕೈಯಿಂದ ಮೊದಲ ಎಕ್ಸ್‌ರೇ ನನ್ನದೇ ಆಗಲೆಂದು ತಡೆದುಕೊಂಡಿದ್ದೆ, ತೆಗೆ ಎಂದ. ಅವನ ಕಣ್ಣಲ್ಲಿ ನೀರಿತ್ತು. ಮಂಗಮ್ಮನದು ಇಪ್ಪತ್ತೊಂದು ವರ್ಷ ಈ ಮನುಷ್ಯನ ಹಿಂದೆ ನಿಂತು ಕಲಿತ ವಿದ್ಯೆ. ಅವಳು ಎದೆಯ ಬ್ಯಾಡ್ಜನ್ನು ಸರಿಮಾಡಿಕೊಂಡು ಅವನ ಮುಂದೆ ಕೈ ಚಾಚಿದಳು.

"ಡಾಕ್ಟ್ರು ಬರ್ಕೊಟ್ಟಿರೋ ಚೀಟಿ ಕೊಡಣ್ಣ."

ಚಲಪತಿ ಜೇಬು ಮುಟ್ಟಿ ನೋಡಿಕೊಂಡ. ಚೀಟಿ ಎಲ್ಲಿ ಬರಬೇಕು? ಮನೆಯ ಮನುಷ್ಯ, ಒಂದು ಮೊಣಕಾಲು, ಅದಕ್ಕೂ ಚೀಟಿಯೇ ಎಂದು ಅವಳ ಮುಖ ನೋಡಿದ. ಅವಳು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಕಾರಣವಿಲ್ಲದೆ ಇನ್ನು ಈ ರೂಮಿನಲ್ಲಿ ಬಟನ್ ಒತ್ತುವುದಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಚಲಪತಿಗೆ ಮೊದಲು ಮುಜುಗರವಾಯಿತು, ಆಮೇಲೆ ನಗು ಬಂತು, ಕೊನೆಗೆ ಹೆಮ್ಮೆಯೇ ಉಳಿಯಿತು. ಮೇಜಿನಿಂದ ಇಳಿದು, ಕುಂಟುತ್ತಾ ಡಾಕ್ಟರ ಕೋಣೆಗೆ ಹೋಗಿ ಚೀಟಿ ಬರೆಸಿಕೊಂಡು ಬಂದು, ಹೊರಗಿನ ಬೆಂಚಿನಲ್ಲಿ ಕುಳಿತ. ಅವನಿಗಿಂತ ಮುಂದೆ ನಾಲ್ಕು ಜನ ಇದ್ದರು.